ವಿಶೇಷ ಕೃಪೆ

ಆ ಕ್ರೈಸ್ತ ಸಭೆಯಲ್ಲಿ ಕೊನೆಯ ಬೆಂಚು ಪಾಪಿಗಳದ್ದು ಎಂದು ಯಾರೂ ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಬಾಗಿಲ ಪಕ್ಕ, ಒದ್ದೆ ಕೊಡೆಗಳನ್ನು ನಿಲ್ಲಿಸುವ ಡಬ್ಬದ ಹತ್ತಿರವಿದ್ದ ಆ ಬೆಂಚಿನಲ್ಲಿ ಗಂಡ ಹೆಂಡತಿ ಇಬ್ಬರು ಎಂಟೊಂಬತ್ತು ವರ್ಷಗಳಿಂದ ಕೂರುತ್ತಿದ್ದರು. ಅವರ ಪಕ್ಕದಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ, ಗಂಡನ ತಾಯಿಯೊಬ್ಬಳನ್ನು ಬಿಟ್ಟು.

ಗಂಡ ಫ್ರಿಜ್ ರಿಪೇರಿಯವನು. ಕೆಲಸ ತಂಪಿನದು, ಸ್ವಭಾವವೂ ತಂಪು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ತಂಪಣ್ಣ. ಹೆಂಡತಿ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಗಲ್ಲದ ಮೇಲೊಂದು ಮಚ್ಚೆಯಿದ್ದುದರಿಂದ ಹುಟ್ಟಿದಾಗಿನಿಂದ ಚುಕ್ಕಿ ಎಂದೇ ಕರೆಸಿಕೊಂಡವಳು.

ಚುಕ್ಕಿಗೆ ಇದು ಎರಡನೆಯ ಮದುವೆ. ಮೊದಲನೆಯವನು ವರ್ಷ ತುಂಬುವ ಮೊದಲೇ ಇನ್ನೊಬ್ಬಳ ಜೊತೆ ಹೊರಟುಹೋಗಿದ್ದ. ಕೋರ್ಟು ಬಿಡುಗಡೆ ಕೊಟ್ಟಿತು, ಸಭೆ ಕೊಡಲಿಲ್ಲ. ಬಿಟ್ಟುಹೋದ ಗಂಡ ಬದುಕಿರುವವರೆಗೆ ಬಲಿಪೀಠದ ಮುಂದೆ ಮತ್ತೊಂದು ಮದುವೆ ಇಲ್ಲ ಎಂಬುದು ನಿಯಮ. ಅಂದು ಆ ನಿಯಮವನ್ನು ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿ ಹಿಡಿದವನು ಹಿರಿಯರ ಸಮಿತಿಯ ಮುಖ್ಯಸ್ಥ. ಅವನು ತಂಪಣ್ಣನ ಒಡಹುಟ್ಟಿದ ಅಣ್ಣ. ತಮ್ಮನಾದರೇನು, ಕರ್ತನ ಮನೆಯಲ್ಲಿ ರಕ್ತಸಂಬಂಧ ನಡೆಯುವುದಿಲ್ಲ ಎಂದು ಅವನು ಹೇಳಿದಾಗ ಇಡೀ ಸಭೆ ತಲೆದೂಗಿತ್ತು. ತಂಪಣ್ಣ ಮತ್ತು ಚುಕ್ಕಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಅಂದಿನಿಂದ ಅವರಿಗೆ ಪ್ರಭು ಭೋಜನ ನಿಂತಿತು. ಉಳಿದವರೆಲ್ಲ ಸಾಲಾಗಿ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಬರುವವರೆಗೆ ಇವರು ಕೊಡೆಗಳನ್ನು ಕಾಯುತ್ತಾ ಕೂರುವುದು.

ಅಷ್ಟಾದರೂ ಯಾಕೆ ಹೋಗುತ್ತಿದ್ದರು ಎಂದು ಕೇಳಿದವರುಂಟು. ಚುಕ್ಕಿಯ ತಾಯಿ ತಂದೆಯ ಸಮಾಧಿ ಆ ಸಭೆಯ ಅಂಗಳದಲ್ಲೇ ಇತ್ತು. ಅವಳು ಅಕ್ಷರ ಕಲಿತದ್ದು ಅಲ್ಲಿಯ ಭಾನುವಾರದ ಶಾಲೆಯಲ್ಲಿ. ತನ್ನ ಮನೆಗೆ ಬೇರೆಯವರು ಬೀಗ ಹಾಕಿದರೆ ಬೇರೆ ಮನೆ ಹುಡುಕಬೇಕೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಅಣ್ಣನದು ನಲ್ಲಿ ಅಂಗಡಿ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ಗೋಡೆ ತುಂಬ ಹೊಳೆಯುವ ನಲ್ಲಿಗಳು, ಕೆಳಗೆ ಬಿಳಿ ಕಮೋಡುಗಳು, ವಾಶ್‌ಬೇಸಿನ್ನುಗಳು. ಅಷ್ಟು ನಲ್ಲಿಗಳಲ್ಲಿ ಒಂದಕ್ಕೂ ನೀರಿನ ಸಂಪರ್ಕ ಇರಲಿಲ್ಲ. ಅವನ ತಾಯಿ ಒಮ್ಮೆ ಅಂಗಡಿಗೆ ಹೋಗಿ, ಕೈ ತೊಳೆಯಲು ಒಂದೊಂದೇ ತಿರುಗಿಸಿ ನೋಡಿ, "ನಿನ್ನ ಹಾಗೇ ಇವೆ ಬಿಡು" ಎಂದು ಬಂದಿದ್ದಳು.

ಆ ವರ್ಷ ವಿಧಾನಸಭೆಯ ಚುನಾವಣೆ ಬಂತು. ಕಣದಲ್ಲಿ ಇದ್ದವರು ಇಬ್ಬರೇ ಎಂದರೂ ಸರಿ. ಒಬ್ಬಳು ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮ. ಅರ್ಧ ಊರಿನ ಮಕ್ಕಳು ಹುಟ್ಟಿದ್ದು ಅವಳ ಕೈಯಲ್ಲೇ. ಲಂಚ ಮುಟ್ಟಿದವಳಲ್ಲ. ಆದರೆ ಅವಳು ಯಾವ ಪ್ರಾರ್ಥನೆಗೂ ಹೋಗುತ್ತಿರಲಿಲ್ಲ. ಜೊತೆಗೆ, ಯಾವ ಪ್ರಾರ್ಥನಾ ಮಂದಿರಕ್ಕೂ ಕಾನೂನು ಮೀರಿ ಒಂದು ಇಟ್ಟಿಗೆ ಇಡಲು ಬಿಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿಬಿಟ್ಟಿದ್ದಳು. ಸಭೆಗೋ, ದೇವಾಲಯದ ಪಕ್ಕದ ಸಭಾಂಗಣದ ಮೇಲೆ ಎರಡನೆಯ ಅಂತಸ್ತು ಕಟ್ಟುವ ಆಸೆ. ಅದಕ್ಕೆ ಕಾನೂನು ಅಡ್ಡ.

ಇನ್ನೊಬ್ಬ ಗುತ್ತಿಗೆದಾರ. ಇಬ್ಬರು ಹೆಂಡಿರನ್ನು ಬಿಟ್ಟು ಮೂರನೆಯವಳ ಜೊತೆ ಇದ್ದವನು. ಬಿಟ್ಟವರಲ್ಲಿ ಒಬ್ಬಳು ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡೇ ಪೊಲೀಸ್ ಠಾಣೆಗೆ ಹೋದದ್ದನ್ನು ಊರೇ ನೋಡಿತ್ತು. ಕಾಲುವೆಯ ಪಕ್ಕದಲ್ಲಿ ತಗಡಿನ ಮನೆ ಕಟ್ಟಿಕೊಂಡಿದ್ದ ಜನರನ್ನು ಕೊಳೆ ತೊಳೆದ ಹಾಗೆ ಪೈಪು ಹಿಡಿದು ತೊಳೆದುಹಾಕುತ್ತೇನೆ ಎಂದು ಅವನು ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬಿದ್ದಿತ್ತು. ಅವನು ಕಟ್ಟಿಸುವ ಮನೆಗಳಿಗೆಲ್ಲ ನಲ್ಲಿಗಳು ಹೋಗುತ್ತಿದ್ದದ್ದು ಅಣ್ಣನ ಅಂಗಡಿಯಿಂದ. ಈ ಸಂಗತಿಯನ್ನು ಸಭೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗೊತ್ತಿಲ್ಲದೆ ಅಲ್ಲ.

ಅಣ್ಣ ಭಾನುವಾರಗಳಂದು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಜನರಿಗೆ ತಿಳಿಹೇಳತೊಡಗಿದ. ನಾವು ಅಳಿಯನನ್ನು ಹುಡುಕುತ್ತಿಲ್ಲ, ಕಾವಲಿಗೆ ನಾಯಿ ಹುಡುಕುತ್ತಿದ್ದೇವೆ. ನಾಯಿಯ ಗುಣ ನಡತೆ ಯಾರು ನೋಡುತ್ತಾರೆ, ಅದು ಕಚ್ಚಬೇಕು ಅಷ್ಟೇ ಎಂಬುದು ಅವನ ವಾದ. ಹೆಂಗಸರು ಗಂಡಸರು ಹೌದು ಹೌದು ಎಂದರು. ಮಗನ ಮಾತು ಕೇಳುತ್ತಾ ನಿಂತಿದ್ದ ತಾಯಿ ಒಮ್ಮೆ ಕೇಳಿದಳು:

"ಕಚ್ಚೋ ನಾಯಿ ಮನೆಯವರ ಗುರುತು ಇಟ್ಕೊಳ್ಳುತ್ತೆ ಅಂತ ನಿಂಗ್ಯಾರಪ್ಪ ಹೇಳಿದ್ದು?"

ಅಣ್ಣ ನಕ್ಕು, ಅಮ್ಮನಿಗೆ ವಯಸ್ಸಾಯಿತು ಎಂದ.

ಪಾಸ್ಟರೂ ಹಿಂದೆ ಬೀಳಲಿಲ್ಲ. ಅವರು ತೆಳ್ಳಗಿನ, ಮೃದು ಮಾತಿನ ಮನುಷ್ಯ. ಮೊದಲು ಎರಡು ವಾರ ಮುಖ ಹುಳ್ಳಗೆ ಮಾಡಿಕೊಂಡಿದ್ದರು. ಮೂರನೆಯ ವಾರ ಪ್ರಸಂಗದಲ್ಲಿ, ಹಿಂದಿನ ಕಾಲದ ಅರಸರೆಲ್ಲ ಪರಿಶುದ್ಧರೇನೂ ಆಗಿರಲಿಲ್ಲ, ದೇವರು ಅವರನ್ನೂ ಉಪಯೋಗಿಸಲಿಲ್ಲವೇ ಎಂದು ಕೇಳಿದರು. ಎಷ್ಟೋ ವರ್ಷಗಳಿಂದ ಸಿನಿಮಾ ನೋಡುವುದು ಪಾಪವೋ ಅಲ್ಲವೋ ಎಂದು ತಲೆ ಕೆಡಿಸಿಕೊಂಡಿದ್ದ ಸಭೆಗೆ ಈ ಪ್ರಶ್ನೆ ಚಿಟಿಕೆ ಹೊಡೆಯುವುದರಲ್ಲಿ ಅರ್ಥವಾಯಿತು.

ಒಂದೇ ಒಂದು ತೊಡಕು ಉಳಿಯಿತು. ಚುನಾವಣೆಗೆ ಹಿಂದಿನ ಭಾನುವಾರ ಗುತ್ತಿಗೆದಾರ ಆರಾಧನೆಗೆ ಬರುವುದು, ಎಲ್ಲರ ಜೊತೆ ಪ್ರಭು ಭೋಜನ ತೆಗೆದುಕೊಳ್ಳುವುದು, ಅದರ ಫೋಟೋ ಆಗುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ಸ್ಥಳೀಯ ಪತ್ರಿಕೆಯೊಂದು, ಗಂಡನೇ ಬಿಟ್ಟುಹೋದವಳನ್ನು ಕೊನೆಯ ಬೆಂಚಿಗೆ ಕಳಿಸಿದ ಸಭೆ ಇಬ್ಬರು ಹೆಂಡಿರನ್ನು ಬಿಟ್ಟವನನ್ನು ಎಲ್ಲಿ ಕೂರಿಸುತ್ತದೆ ಎಂದು ಬರೆಯಿತು. ಸಮಿತಿ ಅಂದೇ ಸಂಜೆ ಪಕ್ಕದ ಕೋಣೆಯಲ್ಲಿ ಸೇರಿತು. ತಲೆತಲಾಂತರದಿಂದ ಕಲ್ಲಿನ ಹಾಗೆ ನಿಂತಿದ್ದ ನಿಯಮ, ಕಾಫಿ ಆರುವ ಮೊದಲೇ ಕರಗಿತು. ಇನ್ನು ಮುಂದೆ ಪಶ್ಚಾತ್ತಾಪಪಟ್ಟವರಿಗೆ ಮದುವೆಯ ಆಶೀರ್ವಾದವೂ ಉಂಟು, ಭೋಜನವೂ ಉಂಟು.

ಮರುದಿನ ಅಣ್ಣ ತಮ್ಮನ ಮನೆಗೆ ಬಂದ. ಇವರ ಮದುವೆಯಾದ ಮೇಲೆ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಬರಿಗೈಯಲ್ಲಿ ಬರಲಿಲ್ಲ. ಅಡುಗೆಮನೆಗೆಂದು ಒಂದು ನಲ್ಲಿಯನ್ನು ಡಬ್ಬದ ಸಮೇತ ತಂದಿದ್ದ. ತಂಪಣ್ಣ ನಡುಮನೆಯಲ್ಲಿ ಯಾರದೋ ಫ್ರಿಜ್ಜಿನ ಬಾಗಿಲಿಗೆ ಹೊಸ ರಬ್ಬರು ಕೂರಿಸುತ್ತಿದ್ದ. ಕುಳಿತಲ್ಲಿಂದಲೇ ತಲೆಯೆತ್ತಿ ಅಣ್ಣನನ್ನು ನೋಡಿ ಮತ್ತೆ ಕೆಲಸಕ್ಕೆ ಬಾಗಿದ. ಚುಕ್ಕಿ ಕುರ್ಚಿ ಕೊಟ್ಟಳು.

ಅಣ್ಣ ವಿಷಯ ಹೇಳಿದ. ಬರುವ ಭಾನುವಾರ ಇವರಿಬ್ಬರ ಮದುವೆಗೆ ಬಲಿಪೀಠದ ಮುಂದೆ ಆಶೀರ್ವಾದ. ಹೊಸ ನಿಯಮದ ಮೊದಲ ಜೋಡಿ ಇವರೇ. ಅಧ್ಯಕ್ಷತೆಗೆ ಎಂಬಂತೆ ಗುತ್ತಿಗೆದಾರರು ಇರುತ್ತಾರೆ, ಹೂಗುಚ್ಛ ಕೊಡುತ್ತಾರೆ, ಸಾಕ್ಷಿಯಾಗಿ ಸಹಿ ಹಾಕುತ್ತಾರೆ. ಒಳಗಿನಿಂದ ಬಂದ ತಾಯಿ ಮೊದಲ ಅರ್ಧ ಕೇಳಿ ಕಣ್ಣು ಒರೆಸಿಕೊಂಡಳು. ಎರಡನೆಯ ಅರ್ಧ ಕೇಳಿ ಸೆರಗು ಬಿಟ್ಟಳು.

"ಅಂದ್ರೆ ನನ್ನ ಸೊಸೆ ಅವನಿಗೆ ಸೋಪು," ಎಂದಳು ಅವಳು. "ಅವನ ಕೊಳೆ ತೊಳೆಯೋಕೆ."

ಅಣ್ಣ ಆ ಮಾತು ಕೇಳಿಸದವನ ಹಾಗೆ ಚುಕ್ಕಿಯತ್ತ ತಿರುಗಿದ. ಚುಕ್ಕಿ ಒಂದೇ ಪ್ರಶ್ನೆ ಕೇಳಿದಳು.

"ಗಂಟೆಯಕ್ಕನಿಗೂ ಈ ರೂಲು ಅನ್ವಯಿಸುತ್ತಾ ಭಾವ?"

ಗಂಟೆಯಕ್ಕ ಎಂದರೆ ದೇವಾಲಯದ ನೆಲ ಒರೆಸಿ, ಬೆಂಚು ಒರೆಸಿ, ಗಂಟೆ ಹೊಡೆಯುವವಳು. ಹೊಡೆದು ಬಡಿದು ಮಾಡುತ್ತಿದ್ದ ಗಂಡನಿಂದ ಕೋರ್ಟಿನಲ್ಲಿ ಬಿಡುಗಡೆ ಪಡೆದಿದ್ದಳು. ಹೆಂಡತಿ ತೀರಿಹೋದ ಒಬ್ಬ ಬಸ್ ಡ್ರೈವರು ಅವಳನ್ನು ಮದುವೆಯಾಗಲು ಕಾಯುತ್ತಿದ್ದ. ಚುಕ್ಕಿಯ ಗತಿ ನೋಡಿ ಅವಳು ರಿಜಿಸ್ಟ್ರಾರ್ ಕಚೇರಿಯ ಕಡೆ ತಲೆ ಹಾಕಿರಲಿಲ್ಲ. ಹಾಕಿದ್ದರೆ ಕೆಲಸ ಹೋಗುತ್ತಿತ್ತು.

"ರೂಲು ಅಂದಮೇಲೆ ಎಲ್ಲರಿಗೂ ಒಂದೇ ಅಲ್ವೇನಮ್ಮ," ಎಂದ ಅಣ್ಣ.

ಅವನು ಹೋದ ಮೇಲೆ ತಂಪಣ್ಣ ರಬ್ಬರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ, ತನಗೆ ಇದು ಬೇಡ, ಆದರೆ ಅವಳಿಗೆ ಬೇಕಿದ್ದರೆ ಪಕ್ಕದಲ್ಲಿ ನಿಲ್ಲುತ್ತೇನೆ ಎಂದ. ಚುಕ್ಕಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದು ಅವಳಿಗೇ ಆ ಹೊತ್ತಿನವರೆಗೆ ತಿಳಿದಿರಲಿಲ್ಲ. ಬಾಗಿಲು ಯಾರು ತೆಗೆದರೇನು, ಒಳಗೆ ಹೋಗುವುದು ಮುಖ್ಯ. ತನ್ನಿಂದ ಇನ್ನೊಬ್ಬಳಿಗೂ ದಾರಿ ಆಗುತ್ತದಲ್ಲ ಎಂದು ಅವಳು ಗಂಡನಿಗೂ ಅತ್ತೆಗೂ ಹೇಳಿದಳು. ಹೇಳುತ್ತಿದ್ದ ಹಾಗೆ, ಭಾವನೂ ಅಂಗಳದಲ್ಲಿ ನಿಂತು ಹೀಗೇ ಅಲ್ಲವೇ ಮಾತಾಡುವುದು ಎಂದು ಹೊಳೆಯಿತು. ಆ ಯೋಚನೆಯನ್ನು ಅವಳು ಬೇಗ ಪಕ್ಕಕ್ಕೆ ತಳ್ಳಿದಳು. ನರ್ಸಮ್ಮನಿಗೇ ಓಟು ಹಾಕುವುದೆಂದು ಒಳಗೊಳಗೇ ತೀರ್ಮಾನಿಸಿಯೂ ಇದ್ದಳು. ಓಟು ಬೇರೆ, ಹೂಗುಚ್ಛ ಬೇರೆ.

ಭಾನುವಾರ ಗುತ್ತಿಗೆದಾರ ತಡವಾಗಿ ಬಂದ. ಕೂಲಿಯವರು ತಡವಾಗಿ ಬಂದರೆ ಬಾಗಿಲಲ್ಲೇ ತಡೆದು ನಿಲ್ಲಿಸುವ ಸಭೆ ಅಂದು ನಾಲ್ಕು ಕೀರ್ತನೆಗಳನ್ನು ಹೆಚ್ಚಿಗೆ ಹಾಡಿ ಕಾದಿತು. ಅವನ ಹಿಂದೆ ಫೋಟೋದವರು, ಅವರ ಹಿಂದೆ ಅವನ ಮೂರನೆಯವಳು. ಅಣ್ಣ ಅವರನ್ನು ಮೊದಲ ಬೆಂಚಿನಲ್ಲಿ ಕೂರಿಸಲು, ಅಲ್ಲಿ ನಲವತ್ತು ವರ್ಷದಿಂದ ಕೂರುತ್ತಿದ್ದ ವಿಧವೆಯೊಬ್ಬರನ್ನು ತೋಳು ಹಿಡಿದು ಎಬ್ಬಿಸಿದ. ಪಾಸ್ಟರು ಆಶೀರ್ವಾದದ ಮಾತುಗಳನ್ನು ಓದಿದರು. ತಂಪಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಿಗಿಯಾಗಿ ನಿಂತಿದ್ದ. ಚುಕ್ಕಿಯ ಕಣ್ಣಲ್ಲಿ ನೀರು ಬಂತು. ಆ ಕ್ಷಣಕ್ಕೆ ಅದು ನಿಜವಾದ ನೀರೇ. ಅಷ್ಟರಲ್ಲಿ ಗುತ್ತಿಗೆದಾರ ಎದ್ದು ಬಂದು ಹೂಗುಚ್ಛ ಕೊಟ್ಟ. ಅವಳ ಹೆಸರು ತಿಳಿಯದೆ ಅಣ್ಣನ ಕಡೆ ನೋಡಿದ, ಅಣ್ಣ ಪಿಸುಗುಟ್ಟಿದ, ಅವನು ತಪ್ಪು ಹೆಸರು ಹೇಳಿ ಹರಸಿದ. ಫೋಟೋ ಆಯಿತು. ಗುಚ್ಛವನ್ನು ಇನ್ನೊಂಚೂರು ಕೆಳಗೆ ಹಿಡಿಯಿರಿ ಎಂದು ಮತ್ತೊಂದು ಆಯಿತು.

ಆಮೇಲೆ ಪ್ರಭು ಭೋಜನ. ಗುತ್ತಿಗೆದಾರನನ್ನು ಎಲ್ಲರಿಗಿಂತ ಮೊದಲು ಬಲಿಪೀಠದ ಮುಂದಿನ ಕಟಕಟೆಗೆ ಕರೆದರು. ಅವನ ಪಕ್ಕ ಚುಕ್ಕಿ, ತಂಪಣ್ಣ, ತಾಯಿ, ಹಿರಿಯರು. ಸಭೆ ಪೂರಾ ಮೌನ. ಪಾಸ್ಟರು ತಟ್ಟೆಯಿಂದ ದ್ರಾಕ್ಷಾರಸದ ಸಣ್ಣ ಲೋಟ ಎತ್ತಿ ಅವನ ಕೈಗೆ ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇಷ್ಟೇನಾ ಪಾಸ್ಟರೇ?" ಎಂದ. "ಓಟು ಮಾತ್ರ ಇಷ್ಟು ಕೊಡಬೇಡಿ."

ಹಿರಿಯರು ನಕ್ಕರು. ಪ್ರಭು ಭೋಜನದ ಹೊತ್ತಿನಲ್ಲಿ ಮಗು ಕೆಮ್ಮಿದರೂ ತಿರುಗಿ ನೋಡುತ್ತಿದ್ದವರು ಹೊಟ್ಟೆ ಕುಲುಕಿಸಿ ನಕ್ಕರು. ಅಣ್ಣನ ನಗು ಎಲ್ಲರದಕ್ಕಿಂತ ದೊಡ್ಡದಾಗಿ ಕೇಳಿಸಿತು. ಪಾಸ್ಟರು ನಗಬೇಕೋ ಬೇಡವೋ ಎಂದು ಒಂದು ಗಳಿಗೆ ತೂಗಿ ನೋಡಿ, ಅವರೂ ನಕ್ಕರು. ನಗುಮುಖದಲ್ಲೇ ತಟ್ಟೆಯನ್ನು ಚುಕ್ಕಿಯ ಮುಂದೆ ಹಿಡಿದರು.

ಚುಕ್ಕಿ ಕೈ ಚಾಚಲಿಲ್ಲ. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಗುಲಿ ಸಣ್ಣಗೆ ಸದ್ದಾಗುತ್ತಿದ್ದವು, ನಕ್ಕು ನಕ್ಕು ಪಾಸ್ಟರ ಕೈ ಇನ್ನೂ ಅಲ್ಲಾಡುತ್ತಿತ್ತು. ಈ ಲೋಟಕ್ಕಾಗಿ ಅವಳು ಎಷ್ಟು ಭಾನುವಾರ ಹಿಂದೆ ಕೂತು ಒಳಗೇ ಅತ್ತಿದ್ದಳು. ಅದನ್ನು ಕೊಡುವವರಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಅವಳು ತಿರುಗಿ ಕೊನೆಯ ಬೆಂಚಿಗೆ ಹೋಗಿ ಕುಳಿತಳು. ತಂಪಣ್ಣನೂ ಹಿಂದೆಯೇ ಬಂದ. ತಾಯಿ ಮಾತ್ರ ಕದಲದೆ ನಿಂತು, ತನ್ನ ಪಾಲಿನದನ್ನು ತೆಗೆದುಕೊಂಡು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಆಮೇಲೆ ಬಂದಳು. ತನ್ನ ಲೆಕ್ಕ ಕರ್ತನ ಜೊತೆ, ಈ ನಗೆಗಾರರ ಜೊತೆ ಅಲ್ಲ ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಯಾರೂ ಇವರನ್ನು ಗಮನಿಸಲಿಲ್ಲ. ಫೋಟೋ ಆಗಲೇ ಆಗಿತ್ತು.

ಮೂರು ದಿನದಲ್ಲಿ ಆ ಫೋಟೋ ಗೋಡೆಗಳ ಮೇಲೆ ಬಂತು. ಹೂಗುಚ್ಛ ಹಿಡಿದ ಚುಕ್ಕಿ, ಪಕ್ಕದಲ್ಲಿ ಕೈ ಮುಗಿದ ಗುತ್ತಿಗೆದಾರ, ಮೇಲೆ "ನೊಂದವರ ಬಂಧು" ಎಂಬ ದಪ್ಪ ಅಕ್ಷರ. ತಂಪಣ್ಣನನ್ನು ಅಂಚಿನಲ್ಲಿ ಕತ್ತರಿಸಿದ್ದರು, ಭುಜ ಮಾತ್ರ ಉಳಿದಿತ್ತು. ಕನ್ನಡಕದ ಅಂಗಡಿಯ ಮಾಲೀಕ ಅದನ್ನು ನೋಡಿ ಚುಕ್ಕಿಗೆ ಶುಭಾಶಯ ಹೇಳಿದ. ಗಿರಾಕಿಗಳು ಹಿಂದಿನ ಕೋಣೆಗೆ ಇಣುಕಿ ಹೋದರು.

ಅವರಲ್ಲಿ ಒಬ್ಬಳು ಕಾಲುವೆ ಪಕ್ಕದವಳು. ಬಟ್ಟೆ ಕಾರ್ಖಾನೆಗೆ ಗುಂಡಿ ಹೊಲಿದುಕೊಡುವ ಹೆಂಗಸು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಕನ್ನಡಕ ಮಾಡಿಸಿದ್ದಳು. ಚುಕ್ಕಿಯೇ ಹೊರಗೆ ಬಂದು ಅವಳ ಕಿವಿಯ ಹಿಂದೆ ಕಡ್ಡಿ ಸರಿಮಾಡಿ ತೊಡಿಸಿದಳು. ಹೆಂಗಸು ಚುಕ್ಕಿಯ ಮುಖವನ್ನು ಚೆನ್ನಾಗಿ ನೋಡಿದಳು.

"ನಮ್ಮ ಬೀದೀಲೂ ಅಂಟಿಸಿದಾರೆ ನಿಮ್ಮ ಫೋಟೋ," ಎಂದಳು. "ದೂರದಿಂದ ಸರಿಯಾಗಿ ಕಾಣ್ತಿರಲಿಲ್ಲ. ಈಗ ಗುರುತು ಸಿಕ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಣ ಕೊಟ್ಟು, ಕನ್ನಡಕವನ್ನು ಡಬ್ಬಿಯೊಳಗೆ ಇಟ್ಟುಕೊಂಡು ಹೋದಳು. ಚುಕ್ಕಿ ಯಂತ್ರದ ಮುಂದೆ ಕುಳಿತು ಒಂದು ಗಾಜನ್ನು ಅಳತೆ ಮೀರಿ ಉಜ್ಜಿ ಹಾಳು ಮಾಡಿದಳು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಒಂದು ಗೋಡೆಯ ಮೇಲಿನ ಪೋಸ್ಟರನ್ನು ಉಗುರಿನಿಂದ ಕೆರೆದಳು. ಅಂಟು ಗಟ್ಟಿಯಾಗಿತ್ತು. ಒಂದು ಮೂಲೆ ಕಿತ್ತು ಬಂತಷ್ಟೆ.

ಗುತ್ತಿಗೆದಾರ ಗೆದ್ದ. ಸಭೆ ಕೃತಜ್ಞತಾ ಆರಾಧನೆ ನಡೆಸಿತು. ಅದಕ್ಕೆ ಅವನು ಬರಲಿಲ್ಲ, ಒಂದು ಹಾರ ಕಳಿಸಿದ. ಮಳೆಗಾಲಕ್ಕೆ ಮುಂಚೆ ಕಾಲುವೆ ಪಕ್ಕದ ತಗಡಿನ ಮನೆಗಳು ಹೋದವು. ಅಲ್ಲಿ ಪೈಪೂ ಬಂದಿತ್ತು, ಮೈಕಿನಲ್ಲಿ ಹೇಳಿದ್ದು ಬರೀ ಮಾತಾಗಿರಲಿಲ್ಲ. ಮುಂದಿನ ಭಾನುವಾರ ಪಾಸ್ಟರು ಮನೆ ಕಳೆದುಕೊಂಡವರಿಗಾಗಿ ಒಂದು ಪ್ರಾರ್ಥನೆ ಮಾಡಿದರು. ಮನೆಗಳು ಹೇಗೆ ಕಳೆದವೆಂದು ದೇವರಿಗೆ ತಿಳಿಸುವ ಗೋಜಿಗೆ ಹೋಗಲಿಲ್ಲ. ಅಣ್ಣನನ್ನು ಊರಿನ ನೀರು ಸರಬರಾಜು ಸಮಿತಿಗೆ ನೇಮಿಸಲಾಯಿತು. ಸಭಾಂಗಣದ ಎರಡನೆಯ ಅಂತಸ್ತಿಗೆ ಅನುಮತಿ ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುತ್ತಿದ್ದರು. ಬರಲಿಲ್ಲ. ಅದನ್ನು ಕೇಳಲು ಹೋದವರನ್ನು ಹೊಸ ಶಾಸಕರ ಕಚೇರಿಯವರು ಹೊರಗಿನ ಬೆಂಚಿನಲ್ಲೇ ಕೂರಿಸಿ ಕಳಿಸಿದರು.

ಆಗ ಗಂಟೆಯಕ್ಕ ತನ್ನ ಮದುವೆಯ ವಿಷಯ ಎತ್ತಿದಳು. ಸಮಿತಿ ಸೇರಿತು. ಹೊಸ ನಿಯಮ ನಿಯಮವೇ ಅಲ್ಲ, ಒಂದು ಸಂದರ್ಭಕ್ಕೆ ಮಾತ್ರ ತೋರಿದ ವಿಶೇಷ ಕೃಪೆ, ಹಳೆಯದೇ ಚಾಲ್ತಿಯಲ್ಲಿದೆ ಎಂದು ತೀರ್ಮಾನಿಸಿತು. ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಗಂಟೆಯ ಹಗ್ಗ ಬೇರೆಯವರಿಗೆ ಹೋಗುತ್ತದೆ ಎಂದೂ ತಿಳಿಸಿತು.

ಸುದ್ದಿ ಕೇಳಿದ ಚುಕ್ಕಿ ನೇರ ನಲ್ಲಿ ಅಂಗಡಿಗೆ ಹೋದಳು. ಅಣ್ಣ ಒಬ್ಬ ಗಿರಾಕಿಗೆ ಕಮೋಡಿನ ಮುಚ್ಚಳ ಎತ್ತಿ ಇಳಿಸಿ ತೋರಿಸುತ್ತಿದ್ದ. ಗಿರಾಕಿ ಹೋಗುವವರೆಗೆ ಅವಳು ನಿಂತಿದ್ದಳು.

"ಎಲ್ಲರಿಗೂ ಒಂದೇ ಅಂದಿದ್ರಿ, ಭಾವ."

ಅವನು ಟವೆಲಿನಿಂದ ಮುಚ್ಚಳ ಒರೆಸಿದ. ಗಂಟೆಯಕ್ಕನ ವಿಷಯ ಬೇರೆ, ಸಭೆಗೆ ಕೆಟ್ಟ ಹೆಸರು ಬರುತ್ತದೆ, ನಾಳೆ ಎಲ್ಲರೂ ಶುರು ಮಾಡುತ್ತಾರೆ, ಮಕ್ಕಳು ಏನು ಕಲಿಯಬೇಕು ಎಂದೆಲ್ಲ ಹೇಳಿದ. ಹಾಗಾದರೆ ತನ್ನ ಆಶೀರ್ವಾದವನ್ನೂ ರಿಜಿಸ್ಟರಿನಿಂದ ಹೊಡೆದು ಹಾಕಿ ಎಂದಳು ಚುಕ್ಕಿ.

"ಅದು ಆಗಲ್ಲ," ಎಂದ ಅಣ್ಣ ಗಾಬರಿಯಾಗಿ. "ಶಾಸಕರು ಸಹಿ ಹಾಕಿದಾರೆ."

ಅಷ್ಟು ವರ್ಷ ಚುಕ್ಕಿ ಈ ಮನುಷ್ಯನಿಗೆ ಹೆದರಿದ್ದಳು. ಅವನ ಮುಂದೆ ಧ್ವನಿ ತಗ್ಗಿಸಿ, ಅವನು ಬಂದರೆ ಎದ್ದು ನಿಂತು, ಅವನ ದೃಷ್ಟಿಯಲ್ಲಿ ತಾನೊಂದು ಕಲೆ ಎಂದು ನಂಬಿ ನಡೆದಿದ್ದಳು. ಈಗ ಟವೆಲು ಹಿಡಿದು ನಿಂತ ಅವನನ್ನು ನೋಡಿದರೆ ಅವಳಿಗೆ ಸಿಟ್ಟೂ ಬರಲಿಲ್ಲ. ದೇವರಿಗಿಂತ ಶಾಸಕರ ಸಹಿಗೆ ಹೆಚ್ಚು ಹೆದರುವವನ ಮಾತು ಕೇಳಿ ಇಷ್ಟು ವರ್ಷ ಕೊಡೆಗಳ ಪಕ್ಕ ಕೂತಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆ ತನ್ನ ಬಗ್ಗೆಯೇ. ಬರುತ್ತೇನೆ ಎಂದೂ ಹೇಳದೆ ಹೊರಗೆ ಬಂದಳು.

ಗಂಟೆಯಕ್ಕ ಕೆಲಸ ಬಿಟ್ಟಳು. ನೋಟಿಸಿನ ತಿಂಗಳು ಮುಗಿದ ಮೇಲೆ ಅವಳು ಮತ್ತು ಬಸ್ ಡ್ರೈವರು ರಿಜಿಸ್ಟ್ರಾರ್ ಕಚೇರಿಗೆ ಹೋದಾಗ ಸಾಕ್ಷಿಗಳಾಗಿ ಹೋದವರು ತಂಪಣ್ಣ, ಚುಕ್ಕಿ ಮತ್ತು ತಾಯಿ. ಕಾರಿಡಾರಿನಲ್ಲಿ ಸರದಿ ಉದ್ದವಿತ್ತು. ಗಂಡಸರು ಕಿಟಕಿಯ ಹತ್ತಿರ ನಿಂತರು. ತಾಯಿ ಬೆಂಚಿನ ತುದಿಯಲ್ಲಿ ತೂಕಡಿಸತೊಡಗಿದಳು. ಚುಕ್ಕಿಗೆ ಏನಾದರೂ ಸಮಾಧಾನ ಹೇಳಬೇಕೆನ್ನಿಸಿತು.

"ಫೋಟೋಗೆ ನಿಂತೆ, ನಿಜ," ಎಂದಳು. "ಆದ್ರೆ ಓಟು ಮಾತ್ರ ನಾನು ನರ್ಸಮ್ಮನಿಗೇ ಹಾಕಿದ್ದು ಅಕ್ಕ."

ಗಂಟೆಯಕ್ಕ ತನ್ನ ಹೊಸ ಸೀರೆಯ ಮಡಿಕೆ ಸರಿಮಾಡಿಕೊಂಡಳು.

"ನಾನು ಅವನಿಗೇ ಹಾಕಿದೆ ಕಣೇ," ಎಂದಳು. "ನಮ್ಮಕ್ಕನ ಕೈಲೂ ಹಾಕಿಸಿದೆ. ಇವರು ಬೇಡ ಅಂದ್ರು, ನಾನೇ ಹಠ ಮಾಡಿದೆ. ನಿನ್ನ ಮದುವೆ ನೋಡಿ."

ಗಂಟೆಯಕ್ಕ ಅದನ್ನು ದೂರಿನ ಹಾಗೆ ಹೇಳಿರಲಿಲ್ಲ. ಹಿಂದಿನ ದಿನ ಸಂತೆಯಿಂದ ಏನು ತಂದೆ ಎಂದು ಹೇಳುವ ಹಾಗೆ ಹೇಳಿದ್ದಳು. ಅವಳ ಅಕ್ಕನ ಮನೆ ಕಾಲುವೆ ಪಕ್ಕದಲ್ಲೇ ಇತ್ತು ಎಂಬುದು ಚುಕ್ಕಿಗೆ ಗೊತ್ತಿತ್ತು. ಈಗ ಆ ಅಕ್ಕ ಎಲ್ಲಿದ್ದಾಳೆ ಎಂದು ಕೇಳುವ ಧೈರ್ಯ ಬರಲಿಲ್ಲ. ಗಂಟೆಯಕ್ಕನೇ ಹೇಳಿದಳು: ಮಕ್ಕಳ ಸಮೇತ ತನ್ನ ಕೋಣೆಯಲ್ಲೇ ಇದ್ದಾಳೆ, ಆರು ಜನ, ಮಲಗಲು ಜಾಗ ಸಾಲದು, ಮದುವೆಯಾದ ಮೇಲೆ ಡ್ರೈವರನ ಮನೆಗೆ ತಾನು ಹೋದರೆ ಅವರಿಗೆ ಸ್ವಲ್ಪ ಕೈಕಾಲು ಚಾಚಲು ಆಗುತ್ತದೆ.

ಒಳಗಿನಿಂದ ಗುಮಾಸ್ತ ಕೂಗಿದ. ಗಂಟೆಯಕ್ಕ ಎದ್ದು, ಡ್ರೈವರನ ಕಡೆ ನೋಡಿ ನಾಚಿ, ಚುಕ್ಕಿಯ ಕೈ ಹಿಡಿದುಕೊಂಡು ಒಳಗೆ ನಡೆದಳು. ಗುಮಾಸ್ತ ತೋರಿಸಿದ ಕಡೆ ಚುಕ್ಕಿ ಸಾಕ್ಷಿಯ ಸಹಿ ಹಾಕಿದಳು. ಮೊದಲ ಸಲ ಪೆನ್ನು ಮೂಡಲಿಲ್ಲ, ಗುಮಾಸ್ತ ಬೇರೆ ಪೆನ್ನು ಕೊಟ್ಟ.